ಅನಧಿಕೃತ ಅಪ್‌ಡೇಟ್: ಕಂಪನಿ ಬಿಟ್ಟುಹೋದ ಫೋನನ್ನು ನೋಡಿಕೊಂಡದ್ದು ಯಾರು?



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೇನೆ. ನಿಮ್ಮ ಫೋನಿಗೆ ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ? ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ವರ್ಷ ಎರಡಾಗಿದ್ದರೆ ಕಂಪನಿ ನಿಮ್ಮ ಫೋನನ್ನು ಮರೆತಿದೆ ಅಂತಲೇ ಲೆಕ್ಕ. ಫೋನ್ ಚೆನ್ನಾಗೇ ಉಂಟು, ಬ್ಯಾಟರಿ ನಿಲ್ತದೆ, ಆದ್ರೆ ಅದನ್ನು ನೋಡಿಕೊಳ್ಳುವವರು ಇಲ್ಲ. ಆಗ ಯಾರು ನೋಡಿಕೊಳ್ಳಬೇಕು?

ಈ ಪ್ರಶ್ನೆ ನನಗೆ ಎದುರಾದದ್ದು 2012ರ ಮಳೆಗಾಲದಲ್ಲಿ, ಮಣಿಪಾಲದ ಒಂದು ಬಾಡಿಗೆ ಕೋಣೆಯಲ್ಲಿ. ನನ್ನ ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ನೋಕಿಯಾ ಎನ್900. ಇಟ್ಟಿಗೆಯ ಹಾಗೆ ದಪ್ಪ, ಪಕ್ಕಕ್ಕೆ ಜಾರಿಸಿದರೆ ಕೆಳಗಿಂದ ಪುಟ್ಟ ಕೀಬೋರ್ಡ್. ಗೆಳೆಯರೆಲ್ಲ ಆಂಡ್ರಾಯ್ಡ್‌ಗೆ ಹೋಗ್ತಿದ್ರು. ನಾನು ಮಾತ್ರ ಇದನ್ನು ಹಿಡ್ಕೊಂಡು ಕೂತಿದ್ದೆ. ಯಾಕಂದ್ರೆ ಇದು ಜೇಬಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರ್.

ಸ್ವಲ್ಪ ಹಿಂದೆ ಹೋಗುವ. 2005ರಲ್ಲಿ ನೋಕಿಯಾ 770 ಅಂತ ಒಂದು ಸಣ್ಣ ಟ್ಯಾಬ್ಲೆಟ್ ಬಂತು. ಅದರೊಳಗಿದ್ದ ಲಿನಕ್ಸ್ ವ್ಯವಸ್ಥೆಯ ಹೆಸರು ಮೇಮೊ. ಅದೇ ಸಾಲಿನಲ್ಲಿ 2009ರ ನವೆಂಬರಿನಲ್ಲಿ ಬಂದ ಎನ್900ಕ್ಕೆ ಮೊದಲ ಬಾರಿಗೆ ಫೋನ್ ಕರೆಯ ಸೌಲಭ್ಯವೂ ಸೇರಿತು. 600 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 32 ಜಿಬಿ ಜಾಗ. ಒಳಗಿದ್ದದ್ದು ಡೆಬಿಯನ್ ಲಿನಕ್ಸಿನ ಬಳಗದ ವ್ಯವಸ್ಥೆ. ಅಂದ್ರೆ ಪ್ರತಿಯೊಂದು ತಂತ್ರಾಂಶವೂ ಒಂದು ಪ್ಯಾಕೇಜ್, ಅಂದರೆ ಒಂದು ಕಟ್ಟು. ಆ ಕಟ್ಟಿನ ಮೇಲೆ ಹೆಸರು, ಆವೃತ್ತಿ ಸಂಖ್ಯೆ, "ನನಗೆ ಇಂಥಿಂಥ ಬೇರೆ ಕಟ್ಟುಗಳೂ ಬೇಕು" ಅನ್ನುವ ಪಟ್ಟಿ. ಈ ಕಟ್ಟುಗಳನ್ನು ಇಟ್ಟಿರುವ ಉಗ್ರಾಣಕ್ಕೆ ರೆಪಾಸಿಟರಿ ಅಂತಾರೆ. ಉಗ್ರಾಣದ ವಿಳಾಸ ಕೊಟ್ಟರೆ ಸಾಕು, ಫೋನ್ ತಾನೇ ಹೋಗಿ ತರ್ತದೆ. ಕಂಪನಿಯ ಉಗ್ರಾಣದಿಂದಲೇ ತರಬೇಕು ಅಂತ ನಿಯಮ ಏನೂ ಇರಲಿಲ್ಲ.

ಈಗ ಉಡುಪಿಯ ಲೆಕ್ಕದಲ್ಲಿ ಹೇಳ್ತೇನೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಮ್ಮಲ್ಲಿ ಪರ್ಯಾಯ. ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗ್ತದೆ. ಅಕ್ಷಯಪಾತ್ರೆ, ಸಟ್ಟುಗ ಕೈ ಬದಲಾಗ್ತದೆ. ಹೋಗುವವರು ಕೊಟ್ಟೇ ಹೋಗ್ತಾರೆ. ಎನ್900ಕ್ಕೆ ಕೊನೆಯ ದೊಡ್ಡ ಅಧಿಕೃತ ಅಪ್‌ಡೇಟ್ ಬಂದದ್ದು 2010ರ ಅಕ್ಟೋಬರಿನಲ್ಲಿ, ಅಂದ್ರೆ ಮಾರುಕಟ್ಟೆಗೆ ಬಂದು ಒಂದು ವರ್ಷ ತುಂಬುವ ಮೊದಲೇ. ಅರ್ಧ ಪರ್ಯಾಯವೂ ಆಗಿರಲಿಲ್ಲ ಮಾರಾಯ್ರೆ! 2011ರ ಫೆಬ್ರವರಿ 11ಕ್ಕೆ ನೋಕಿಯಾ ಮೈಕ್ರೋಸಾಫ್ಟಿನ ಕೈ ಹಿಡಿದು ವಿಂಡೋಸ್ ಫೋನ್ ಕಡೆ ಹೊರಟಿತು. ಆಮೇಲೆ ಎನ್900ಕ್ಕೆ ಸಿಕ್ಕಿದ್ದು ಒಂದು ಸಣ್ಣ ಸುರಕ್ಷತಾ ಪ್ಯಾಚ್ ಅಷ್ಟೇ.

ಆಗ ಸಟ್ಟುಗ ಎತ್ತಿಕೊಂಡವರು ಬಳಕೆದಾರರು. ಬೇರೆ ಬೇರೆ ದೇಶಗಳ ಸ್ವಯಂಸೇವಕ ಪ್ರೋಗ್ರಾಮರ್‌ಗಳು ಸೇರಿ ಕಮ್ಯೂನಿಟಿ ಎಸ್‌ಎಸ್‌ಯು ಅನ್ನುವ ಅಪ್‌ಡೇಟ್ ಹೊರತಂದರು. ಎಸ್‌ಎಸ್‌ಯು ಅನ್ನುವುದು ಕಂಪನಿ ತನ್ನ ಅಪ್‌ಡೇಟ್ ವಿಧಾನಕ್ಕೆ ಇಟ್ಟಿದ್ದ ಹೆಸರು. ಅದರ ಮುಂದೆ ಇವರು "ಕಮ್ಯೂನಿಟಿ" ಅಂತ ಸೇರಿಸಿದ್ರು, ಅಷ್ಟೇ. ನೋಕಿಯಾ ಬಹಿರಂಗಪಡಿಸಿದ್ದ ಸೋರ್ಸ್ ಕೋಡನ್ನು ತಗೊಂಡು ದೋಷ ತಿದ್ದಿದರು. ಫೋನನ್ನು ನೆಟ್ಟಗೆ ಹಿಡಿದರೆ ಪರದೆಯೂ ನೆಟ್ಟಗೆ ತಿರುಗುವ ಹಾಗೆ ಮಾಡಿದರು. ಕಂಪನಿ ಮುಚ್ಚಿಟ್ಟ ಭಾಗಗಳನ್ನು ಮುಟ್ಟಲು ಆಗ್ತಿರಲಿಲ್ಲ. ಅಂಥ ಕೆಲವನ್ನು ಮೊದಲಿಂದ ಬರೆದರು. ಸಂಬಳ ಯಾರಿಗೂ ಇರಲಿಲ್ಲ.

ಹಾಗಂತ ಇದು ಶಿಸ್ತಿಲ್ಲದ ಕೆಲಸ ಅಂದ್ಕೋಬೇಡಿ. ಹೊರಗಿನವರು ಬರೆದ ಆ್ಯಪ್‌ಗಳಿಗೆ ಮೂರು ಉಗ್ರಾಣ ಇದ್ದವು. ಡೆವೆಲ್, ಅಂದ್ರೆ ಈಗಷ್ಟೇ ಒಲೆಯಿಂದ ಇಳಿಸಿದ್ದು. ಟೆಸ್ಟಿಂಗ್, ಅಂದ್ರೆ ರುಚಿ ನೋಡ್ತಾ ಇರುವುದು. ಎಕ್ಸ್‌ಟ್ರಾಸ್, ಅಂದ್ರೆ ಎಲೆಗೆ ಬಡಿಸಬಹುದಾದದ್ದು. ಟೆಸ್ಟಿಂಗ್‌ನಲ್ಲಿ 10 ದಿನ ಕಾದು, ಪರೀಕ್ಷಿಸಿದವರ ಮತ ಗಿಟ್ಟಿಸಿದ ಮೇಲಷ್ಟೇ ಒಂದು ಪ್ಯಾಕೇಜ್ ಮುಂದಕ್ಕೆ.

ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಡೆವೆಲ್‌ನಿಂದ ಸಿಕ್ಕಿದ್ದೆಲ್ಲ ತುಂಬಿಸಿದೆ. ಎನ್900ದಲ್ಲಿ ಒಂದು ಸೂಕ್ಷ್ಮ ಉಂಟು. 32 ಜಿಬಿ ಇದ್ದರೂ ಮೂಲ ವ್ಯವಸ್ಥೆ ಕೂತಿರುವುದು 256 ಎಂಬಿಯ ಬೇರೆ ಚಿಪ್ಪಿನಲ್ಲಿ. ಒಳ್ಳೆಯ ಪ್ಯಾಕೇಜುಗಳು ತಮ್ಮ ಭಾರವನ್ನು ದೊಡ್ಡ ಜಾಗಕ್ಕೆ ಹಾಕ್ತವೆ. ಅವಸರದ ಪ್ಯಾಕೇಜುಗಳು ಸಣ್ಣ ಜಾಗದಲ್ಲೇ ಕೂತು ಬಿಡ್ತವೆ. ಒಂದು ರಾತ್ರಿ ಆ ಜಾಗ ತುಂಬಿತು. ಫೋನ್ ಆನ್ ಆಗ್ತದೆ, ಆಫ್ ಆಗ್ತದೆ, ಮತ್ತೆ ಆನ್ ಆಗ್ತದೆ. ಬೆಳಗಿನವರೆಗೂ ಅದೇ.

ಫೋನ್ ಹೋದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅದರೊಳಗೆ ಕಾರ್ಕಳದ ಅಜ್ಜಿಯ ಸ್ವರ ಇತ್ತು. ನೇಜಿ ನೆಡುವಾಗ ಹೇಳ್ತಿದ್ದ ಪಾಡ್ದನ, ನಲವತ್ತು ನಿಮಿಷ, ನಡುನಡುವೆ ಕೆಮ್ಮು, ಹಿಂದೆ ಕೋಳಿ ಕೂಗು. ಅಜ್ಜಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಬೇರೆ ಕಾಪಿ ಇರಲಿಲ್ಲ.

ಕಾಪುವಿನಲ್ಲಿ ಒಬ್ಬ ಸೀನಿಯರ್ ಇದ್ರು. ಬಸ್ ಹತ್ತಿ ಹೋದೆ. "ಅಣ್ಣ, ಎಲ್ಲ ಹೋಯ್ತು" ಅಂದೆ. ಅವರು ಫೋನ್ ನೋಡಿ, "ಮಂಡೆಬಿಸಿ ಮಾಡ್ಬೇಡ, ಮೊದ್ಲು ಬ್ಯಾಟರಿ ತೆಗಿ" ಅಂದ್ರು. ಹೀಗೆ ಸುತ್ತುತ್ತಿರುವ ಫೋನ್ ಚಾರ್ಜ್ ಆಗುವುದಿಲ್ಲ. ನೋಕಿಯಾ 5800ಕ್ಕೂ ಇದಕ್ಕೂ ಒಂದೇ ಬ್ಯಾಟರಿ. ಅವರ ತಂಗಿಯ 5800ರಲ್ಲಿ ಹಾಕಿ ಚಾರ್ಜ್ ಮಾಡಿದೆವು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಎರಡು ಫೈಲ್ ತೋರಿಸಿದ್ರು. "ಇದು ಮೂಲ ವ್ಯವಸ್ಥೆಯದ್ದು. ಇದನ್ನು ಹಾಕಿದ್ರೆ ಆ್ಯಪ್‌ಗಳು ಹೋಗ್ತವೆ, ನಿನ್ನ ಫೈಲ್‌ಗಳು ಉಳೀತವೆ. ಇದು ಆ 32 ಜಿಬಿಯದ್ದು. ಇದನ್ನು ಹಾಕಿದ್ರೆ ಅಜ್ಜಿ ಇಲ್ಲ." ಕೀಬೋರ್ಡಿನ ಯು ಅಕ್ಷರ ಒತ್ತಿ ಹಿಡಿದು ಕೇಬಲ್ ಚುಚ್ಚಿದೆ. ಕೈ ನಡುಗ್ತಿತ್ತು. ಮೊದಲನೆಯ ಫೈಲ್ ಮಾತ್ರ ಹೋಯಿತು. ಸ್ವಲ್ಪ ಹೊತ್ತಲ್ಲಿ ಫೋನ್ ಎದ್ದಿತು. ಫೋಲ್ಡರ್ ತೆರೆದೆ. ಅಜ್ಜಿ ಕೆಮ್ಮಿದ್ರು.

ಸಂಜೆ ದೀಪಸ್ತಂಭದ ಹತ್ತಿರ ಕೂತಾಗ ಅಣ್ಣ ಹೇಳಿದ ಮಾತು ಈಗಲೂ ನೆನಪುಂಟು: "ಅನಧಿಕೃತ ಅಂತ ಹೆದರ್ಬೇಡ. ಯಾರು ಮಾಡಿದ್ದು, ಯಾರು ಪರೀಕ್ಷೆ ಮಾಡಿದ್ದು ಅಂತ ಕೇಳದೆ ಇರ್ಬೇಡ."

ಯೋಚಿಸಿ ನೋಡಿ, ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದೂ ಬಹುಮಟ್ಟಿಗೆ ಹೀಗೇ. ಮಣಿಪಾಲದ ಎಂಐಟಿಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದ ಕೆ.ಪಿ. ರಾವ್ ಕನ್ನಡಕ್ಕೆ ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ "ಸೇಡಿಯಾಪು" ಅಂತ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಮುಂದೆ ಆ ವಿನ್ಯಾಸವೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರದ ಮಾನಕ ಆಯಿತು. ಆಂಡ್ರಾಯ್ಡಿಗೆ ಅಧಿಕೃತವಾಗಿ ಕನ್ನಡ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಪರದೆಯಲ್ಲಿ ಖಾಲಿ ಚೌಕಗಳೇ ಕಾಣ್ತಿದ್ದಾಗ ಫೋನ್ ರೂಟ್ ಮಾಡಿ ಫಾಂಟ್ ತುರುಕಿಸಿದವರು, ಒಪೆರಾ ಮಿನಿಯ ಸೆಟ್ಟಿಂಗ್ ಬದಲಾಯಿಸಿ ಅಕ್ಷರವನ್ನು ಚಿತ್ರವಾಗಿ ತರಿಸಿ ಓದಿದವರು ನಮ್ಮ ಕೇಳುಗರಲ್ಲೇ ಇದ್ದೀರಿ. ಮೊದಲು ಯಾರೋ ಒಬ್ಬರ ಸ್ವಂತ ಕೆಲಸ, ಅಧಿಕೃತ ಮೊಹರು ಬಿದ್ದದ್ದು ಆಮೇಲೆ.

ಎನ್900ದ ಕಥೆಯೂ ಮುಗಿದಿಲ್ಲ. ಮೇಮೊ ಲೆಸ್ಟೆ ಅನ್ನುವ ಹೊಸ ವ್ಯವಸ್ಥೆ ಅದೇ ಹಳೇ ಫೋನಿನಲ್ಲೂ ಓಡ್ತದೆ. ಪೋಸ್ಟ್‌ಮಾರ್ಕೆಟ್ ಓಎಸ್, ಉಬುಂಟು ಟಚ್, ಲೀನಿಯೇಜ್ ಓಎಸ್, ಇವೆಲ್ಲ ಅದೇ ಹಾದಿಯವು.

ನೀವೂ ಕೈ ಹಾಕುವುದಾದ್ರೆ ಮೂರು ಮಾತು. ಬ್ಯಾಕಪ್ ಮೊದಲು, ಸಾಹಸ ಆಮೇಲೆ. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಅದಕ್ಕೆ ಇಡೀ ಫೋನಿನ ಬೀಗದ ಕೈ ಸಿಗ್ತದೆ, ಹಾಗಾಗಿ ಗೊತ್ತಿಲ್ಲದ ಉಗ್ರಾಣದಿಂದ ತರಬೇಡಿ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಪ್ರಯೋಗ ಬೇಡ, ಹಳೆಯ ಫೋನಿನಲ್ಲಿ ಮಾಡಿ.

ಅಜ್ಜಿಯ ಪಾಡ್ದನ ಈಗ ನಾಲ್ಕು ಕಡೆ ಉಂಟು. ಒಂದು ಕಾಪಿ ಕಾಪುವಿನಲ್ಲಿ, ಅಣ್ಣನ ಹತ್ರ.