ಕಣಜದ ಗಂಧ: ಧಾನ್ಯಕೀಟಗಳ ಚರಿತ್ರೆಯ ಒಂದು ಪುಟ

ಹಳಗನ್ನಡದ 'ನಾಱು' ಎಂಬ ಧಾತುವಿಗೆ ಇಂದಿನ ಹೀನಾರ್ಥವೊಂದೇ ಇರಲಿಲ್ಲ. ಕಂಪು ಬೀರುವುದಕ್ಕೂ ಅದೇ ಮಾತು ಸಲ್ಲುತ್ತಿತ್ತು. ಗಂಧದ ಒಳಿತು ಕೆಡುಕು ಮೂಸುವವನನ್ನು ಅವಲಂಬಿಸಿದ್ದು. ಧಾನ್ಯದ ಹುಳುಗಳ ಚರಿತ್ರೆಯನ್ನು ಓದುವಾಗ ಈ ಧಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ಕ್ರಿ.ಪೂ. 2ನೆಯ ಶತಮಾನದ ರೋಮನ್ ಲೇಖಕ ಕೇಟೋ, ಆಲಿವ್ ಎಣ್ಣೆ ತೆಗೆದಾಗ ಉಳಿಯುವ ಕಪ್ಪು ರಸವನ್ನು ಮಣ್ಣು ಹೊಟ್ಟುಗಳೊಡನೆ ಕಲಸಿ ಕಣಜಕ್ಕೆ ಮೆತ್ತಬೇಕೆಂದು ವಿಧಿಸುತ್ತಾನೆ. ಮುಂದಿನ ಶತಮಾನದ ವರ್ರೋ, ಥ್ರೇಸ್ ಮತ್ತು ಕಪಡೋಕಿಯಗಳ ನೆಲಗುಳಿಗಳನ್ನು ವರ್ಣಿಸಿ, ಗಾಳಿ ತಲುಪದ ಕಡೆ ಹುಳು ಹುಟ್ಟದೆನ್ನುತ್ತಾನೆ. ಗುಳಿಯನ್ನು ತೆರೆದೊಡನೆ ಒಳಗಿಳಿದವರು ಉಸಿರುಗಟ್ಟಿ ಸತ್ತದ್ದುಂಟೆಂದೂ ಎಚ್ಚರಿಸುತ್ತಾನೆ. ಇದನ್ನು ಓದಿದ ಕನ್ನಡಿಗನಿಗೆ ರಾಗಿಯ ಹಗೇವು ನೆನಪಾಗದಿರದು. ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ತಾನು ಕೆಡಿಸಿದ ಗಾಳಿಯಲ್ಲಿಯೇ ಸಾಯುತ್ತದೆ.

ಗಾಳಿಯನ್ನು ಮುಚ್ಚುವುದು ಒಂದು ದಾರಿ. ಗಂಧವನ್ನು ಬೆರೆಸುವುದು ಇನ್ನೊಂದು. ಬೇವಿನ ಎಲೆ, ಲಕ್ಕಿ ಸೊಪ್ಪು, ಬಜೆಯ ಬೇರುಗಳನ್ನು ಕಾಳಿನ ನಡುವೆ ಇಡುತ್ತಿದ್ದ ನಮ್ಮ ಅಜ್ಜಿಯರು ಈ ಎರಡನೆಯ ದಾರಿಯವರು. ಆದರೆ ಹುಳುವಿಗೂ ತನ್ನದೇ ಗಂಧವಿದೆ, ಅದರಿಂದಲೇ ಅದು ಮಾತಾಡುತ್ತದೆ ಎಂಬುದು ತಿಳಿದದ್ದು ತೀರ ಈಚೆಗೆ. 1959ರಲ್ಲಿ ಜರ್ಮನಿಯ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಕೆಲವೇ ಮಿಲಿಗ್ರಾಂ ಆಕರ್ಷಕ ದ್ರವ್ಯವನ್ನು ಬೇರ್ಪಡಿಸಿದರು. ಒಂದು ಅಣುವನ್ನರಿಯಲು ತೆತ್ತ ಪ್ರಾಣಗಳ ಆ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ. ಅದೇ ವರ್ಷ ಕಾರ್ಲ್‌ಸನ್ ಮತ್ತು ಲ್ಯೂಷರ್ 'ಫೆರೊಮೋನ್' ಎಂಬ ಪದವನ್ನು ಟಂಕಿಸಿದರು.

ಕಣಜದ ಸರದಿ ಬಳಿಕ ಬಂದಿತು. ಧಾನ್ಯ ಮತ್ತು ಒಣಹಣ್ಣುಗಳಿಗೆ ಬೀಳುವ ಪತಂಗದ ಗಂಧದ ರಚನೆ 1971ರಲ್ಲಿ ತಿಳಿಯಿತು. ಇಲ್ಲಿ ಕರೆಯುವವಳು ಹೆಣ್ಣು, ಹಾರಿ ಬರುವವನು ಗಂಡು. ಅಕ್ಕಿಯ ಮೂತಿಹುಳು, ಗೋಧಿಯನ್ನು ಕೊರೆಯುವ ಹುಳು, ಹಿಟ್ಟಿನ ಕೆಂಪು ಹುಳುಗಳಲ್ಲಿ ಇದು ತಿರುವುಮುರುವು: ಗಂಡು ಗಂಧ ಸೂಸುತ್ತದೆ, ಗಂಡೂ ಹೆಣ್ಣೂ ಕೂಡಿಯೇ ಬಂದು ಸೇರುತ್ತವೆ. ಕೊರೆಹುಳು ಬಿದ್ದ ಗೋಧಿಯ ಸಿಹಿ ಕಮಟು ನಮ್ಮ ಮೂಗಿಗೂ ತಾಗುತ್ತದೆ. ನಾವು ಕೆಟ್ಟ ಧಾನ್ಯವೆಂದು ಮುಖ ತಿರುಗಿಸುವುದು ಅವುಗಳಿಗೆ ಊಟದ ಕರೆ.

ಹಿಟ್ಟಿನ ಹುಳು ಇನ್ನೂ ವಿಚಿತ್ರವಾದುದು. ಸಂಖ್ಯೆ ಮಿತಿಮೀರಿದಾಗ ಅದು ಕ್ವಿನೋನ್ ಎಂಬ ಕಟುದ್ರವ್ಯವನ್ನು ಸೂಸುತ್ತದೆ. ಹಿಟ್ಟು ನಸುಗೆಂಪಾಗಿ ಘಾಟು ಬರುತ್ತದೆ, ನೆರೆದವು ಚದುರತೊಡಗುತ್ತವೆ. ಕರೆದವನೇ ಬಾಗಿಲು ಹಾಕಿದಂತೆ! ಅಲಸಂದೆಯ ಹುಳುವಿನದು ಪಾಲುಪಾರಿಕತ್ತಿನ ನ್ಯಾಯ: ಕಾಳಿನ ಮೇಲೆ ಬಿಳಿಚುಕ್ಕೆಯಂತೆ ಮೊಟ್ಟೆಯಿಟ್ಟ ಹೆಣ್ಣು ಗಂಧದ ಗುರುತನ್ನೂ ಬಿಡುತ್ತದೆ. ಮುಂದೆ ಬಂದ ಹೆಣ್ಣು ಬೇರೆ ಕಾಳು ದೊರೆಯುವಲ್ಲಿ ಆ ಕಾಳನ್ನು ಬಿಟ್ಟುಕೊಡುತ್ತದೆ. ನಮ್ಮ ಕುಟುಂಬಗಳ ಆಸ್ತಿಪತ್ರಗಳು ಇಷ್ಟು ಸುಲಭವಾಗಿ ಇತ್ಯರ್ಥವಾದದ್ದನ್ನು ನಾನು ಕಂಡಿಲ್ಲ.

ಈ ಗಂಧಗಳನ್ನು ಕೃತಕವಾಗಿ ತಯಾರಿಸಿ ಇಂದು ಗೋದಾಮುಗಳಲ್ಲಿ ಬಲೆಗಳನ್ನು ಒಡ್ಡುತ್ತಾರೆ. ಇವು ಕಣಜವನ್ನು ಶುದ್ಧಿಗೊಳಿಸುತ್ತವೆಂದು ಭಾವಿಸುವುದು ತಪ್ಪು. ಪತಂಗದ ಬಲೆಗೆ ಗಂಡು ಮಾತ್ರ ಬೀಳುತ್ತದೆ. ಅದರ ಮುಖ್ಯ ಕೆಲಸ ಹುಳು ಬಂದಿದೆಯೆಂಬ ಸುದ್ದಿಯನ್ನು ಮೊದಲೇ ಮುಟ್ಟಿಸುವುದು. ಆ ಸುದ್ದಿಗೆ ಬೆಲೆಯುಂಟು. ದಶಕಗಳಿಂದ ನಂಬಿಕೊಂಡ ಫಾಸ್ಫೀನ್ ಹೊಗೆಗೆ ಹಲವು ಹುಳುಗಳು ಒಗ್ಗಿಕೊಂಡಿವೆ. ಹಾಗಾಗಿ ಅಗತ್ಯವಿಲ್ಲದ ಕಡೆ ಅದನ್ನು ಹಾಕದಿರುವುದು ಲಾಭ.

ನಮ್ಮ ತಾಯಿ ತೊಗರಿಯ ಚೀಲಕ್ಕೆ ಮೊಳಕೈವರೆಗೆ ಕೈಯಿಳಿಸಿ, ಹಿಡಿಯಷ್ಟು ತೆಗೆದು ಮೂಸುತ್ತಿದ್ದರು. ಒಂದು ಹುಳುವೂ ಕಣ್ಣಿಗೆ ಕಾಣದಿರುವಾಗಲೇ "ನಾಳೆ ಬಿಸಿಲಿಗೆ ಹಾಕಬೇಕು" ಎನ್ನುತ್ತಿದ್ದರು. ಮರುದಿನ ಅಂಗಳದ ಚಾಪೆಯ ಅಂಚಿನಿಂದ ಹುಳುಗಳು ಸಾಲುಗಟ್ಟಿ ಹೊರಡುತ್ತಿದ್ದವು.