ಪದ್ಮಿನಿ ಟಾಪಿನ ಹಳದಿ ಪದರ

ಈ ಸಲದ ಮಾತು ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ ಬಗ್ಗೆ. 1994ರಲ್ಲಿ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಬಿಳಿ ಕಾರು. "ಮುಂಬೈ ಡಾಕ್ಟರೊಬ್ಬರ ಗಾಡಿ" ಅಂತಲೇ ನಾವು ಬಂದವರಿಗೆಲ್ಲ ಹೇಳ್ತಾ ಬೆಳೆದವರು. ಹೋದ ವರ್ಷ ಅದನ್ನ ಪುಣೆಗೆ ತರಿಸಿಕೊಂಡೆ. ಟಾಪಿನ ಅಂಚಲ್ಲಿ ಮಳೆನೀರು ಹರಿಯೋ ಗಟರ್ ಇರುತ್ತಲ್ಲ, ಅಲ್ಲಿ ಬಣ್ಣ ಉಬ್ಬಿ ತುಕ್ಕು ಕಾಣ್ತಿತ್ತು. ಟಾಪ್ ಅಷ್ಟೇ ಪೇಂಟ್ ಮಾಡಿಸೋಣ, ತಯಾರಿ ಮಾತ್ರ ನಾನೇ ಮಾಡ್ತೀನಿ ಅಂತ ಪೇಂಟರ್ ಕಾಕಾನ ಹತ್ತಿರ ಹಟ ಹಿಡಿದೆ.

ಕಾಕಾ ಮೊದಲು ಕೈಗೆ ಕೊಟ್ಟಿದ್ದು ಸ್ಕ್ರೂಡ್ರೈವರ್. ಗಟರ್ ಮೇಲಿನ ಹೊಳೆಯೋ ಪಟ್ಟಿ, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಎಲ್ಲ ಬಿಚ್ಚಬೇಕು. ತುಕ್ಕು ಅಡಗಿ ಕೂರೋದೇ ಅವುಗಳ ಕೆಳಗೆ. ಆಮೇಲೆ ಸೋಪು ನೀರಲ್ಲಿ ತೊಳೆದು ಹಳೇ ವ್ಯಾಕ್ಸ್ ಪೂರ್ತಿ ತೆಗೀಬೇಕು. ಉಳಿದರೆ ಉಜ್ಜುವಾಗ ಗೀರುಗಳೊಳಗೆ ಸೇರಿಕೊಳ್ಳುತ್ತೆ, ಹೊಸ ಬಣ್ಣ ಅಲ್ಲಿ ಹಿಡಿಯಲ್ಲ.

ನಂತರ ಪಾಲಿಶ್ ಪೇಪರ್ ಹಿಡಿದೆ. ಬಿಳಿ ಹೋಯ್ತು, ಬೂದು ಪ್ರೈಮರ್ ಹೋಯ್ತು. ಅದರ ಕೆಳಗೆ ಹಳದಿ. ಮುಂಬೈಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ: ಕಾಲಿ-ಪೀಲಿ ಟ್ಯಾಕ್ಸಿಯ ಮೈ ಕಪ್ಪು, ಟಾಪ್ ಹಳದಿ. ಗಟರಿನಲ್ಲಿ ಕ್ಯಾರಿಯರ್ ಬಿಗಿದ ಗುರುತೂ ಇತ್ತು. ಡಾಕ್ಟರ ಗಾಡಿ ಅಲ್ಲವೇ ಅಲ್ಲ!

ನಾನು ಬೆರಗಾಗಿ ಒಣಪೇಪರಲ್ಲೇ ಉಜ್ಜುತ್ತಿದ್ದೆ. ಕಾಕಾ ಬೈದು, ಮಾಸ್ಕ್ ಕೊಟ್ಟು, ವಾಟರ್ ಪೇಪರ್ ಮತ್ತು ಬಕೆಟ್ ನೀರು ತಂದಿಟ್ಟರು. ಹಳೇ ಹಳದಿ ಬಣ್ಣಗಳಲ್ಲಿ ಲೆಡ್ ಕ್ರೋಮೇಟ್, ಅಂದರೆ ಸೀಸ, ಸಾಮಾನ್ಯ. ಒಣಗಿಸಿ ಉಜ್ಜಿದರೆ ಧೂಳು ಸೀದಾ ಎದೆಗೆ. ಕಾರು ಕಾರ್ಖಾನೆಗಳ ಪೇಂಟರುಗಳು ಒಂದು ಕಾಲದಲ್ಲಿ ಉಸಿರಾಡಿದ್ದು ಇಂಥ ಧೂಳನ್ನೇ. ನೀರಲ್ಲಿ ನೆನೆದರೂ ಹಾಳಾಗದ ಪೇಪರನ್ನ ಫಿಲಡೆಲ್ಫಿಯಾದ ಇಂಕ್ ತಯಾರಕ ಫ್ರಾನ್ಸಿಸ್ ಓಕಿ ಕಂಡುಹಿಡಿದರು. 3ಎಂ ಕಂಪನಿ ಅದನ್ನ 1921ರಲ್ಲಿ ಮಾರುಕಟ್ಟೆಗೆ ತಂತು.

ಕಥೆ ಅಲ್ಲಿಗೆ ಮುಗಿಯಲ್ಲ. ಅದೇ ಪೇಪರನ್ನ ಪರೀಕ್ಷೆಗೆ ಕೊಡೋಕೆ ಅಂತ ಸೇಂಟ್ ಪಾಲ್ ಊರಿನ ಗ್ಯಾರೇಜಿಗೆ ಹೋದ ರಿಚರ್ಡ್ ಡ್ರೂ ಅನ್ನೋ ಹುಡುಗ, ಎರಡು ಬಣ್ಣದ ಕಾರಿಗೆ ಅಂಟಿಸಿದ ಟೇಪು ಬಣ್ಣವನ್ನೇ ಕಿತ್ತುಕೊಂಡು ಬಂದು ಪೇಂಟರ್ ಶಾಪ ಹಾಕೋದನ್ನ ಕೇಳಿಸಿಕೊಂಡ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು. ಮೈಗೊಂದು, ಟಾಪಿಗೊಂದು ಬಣ್ಣದ ಗಡಿ ನೇರವಾಗಿ ನಿಲ್ಲೋದು ಅದರಿಂದಲೇ.

ಅಂದಹಾಗೆ, ಉಕ್ಕಿನ ಟಾಪೇ ಆಗ ಅಪರೂಪ. ಅಷ್ಟು ಅಗಲದ ಹಾಳೆ ಸಿಗದೆ ಮುಚ್ಚಿದ ಕಾರುಗಳ ಟಾಪಿನ ನಡುವೆ ಮರದ ಪಟ್ಟಿ, ಬಟ್ಟೆ ಇರ್ತಿತ್ತು. ಜನರಲ್ ಮೋಟರ್ಸ್ 1935ರ ಮಾಡೆಲ್‌ಗಳಲ್ಲಿ ಒಂದೇ ಉಕ್ಕಿನ ಟಾಪ್ ತಂದ ಮೇಲೆ ಅದು ರೂಢಿಯಾಯ್ತು. ಇಟಲಿಯ ಫಿಯೆಟ್ 1100 ಕಾರು ಮುಂಬೈನ ಕುರ್ಲಾದಲ್ಲಿ ತಯಾರಾಗಿ, 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೆದಾಗ ಅದರ ಟಾಪೂ ಉಕ್ಕಿನದೇ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಮರೆಯಾದವು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಬೇಜಾರಾಗ್ತಾರೇನೋ ಅಂತ ಹೆದರುತ್ತಲೇ ಹೇಳಿದೆ.

"ಗೊತ್ತಿತ್ತೋ ಮಗಾ. ಪೇಪರ್ ಒಳಗ ಬರದಿತ್ತಲ್ಲ. ಟ್ಯಾಕ್ಸಿ ಅಂದ್ರ ನಿಮ್ಮ ಅಜ್ಜ ಹತ್ತತಿದ್ದಿಲ್ಲ, ಅದಕ್ಕ ಡಾಕ್ಟರ್ ಗಾಡಿ ಅಂದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅದನ್ನ ಓಡಿಸಿದಾಂವ ಛಲೋ ಇಟ್ಟಿದ್ದ ನೋಡು. ಇಂಜಿನ್ ಒಂದಿನ ಕೈ ಕೊಡಲಿಲ್ಲ."

ಆ ಡ್ರೈವರ್ ಯಾರೋ, ಯಾವ ಊರಿನಿಂದ ಹೊಟ್ಟೆಪಾಡಿಗೆ ಮುಂಬೈಗೆ ಬಂದವನೋ! ಮೂವತ್ತು ವರ್ಷ ಅವನ ಜಾಗದಲ್ಲಿ ನಾವು ಒಬ್ಬ ಇಲ್ಲದ ಡಾಕ್ಟರನ್ನ ಕೂರಿಸಿದ್ದೆವು. ಊರು ಬಿಟ್ಟು ಬಂದು ದುಡಿಯೋ ನನಗೆ ಅದು ಚುಚ್ಚಿತು.

ತುಕ್ಕು ಕೆರೆದು, ಬಣ್ಣದ ಅಂಚುಗಳನ್ನ ಬೆರಳಿಗೆ ತಾಗದಷ್ಟು ಸಪಾಟು ಮಾಡಿ, ಬರೀ ಲೋಹ ಕಂಡಲ್ಲೆಲ್ಲ ಅವತ್ತೇ ಪ್ರೈಮರ್ ಹೊಡೆದೆವು. ಟಾಪ್ ಮತ್ತೆ ಬಿಳಿಯಾಯ್ತು. ಆದರೆ ಎಡಗಡೆ ಪಟ್ಟಿಯ ಕೆಳಗೆ, ತುಕ್ಕಿಲ್ಲದ ಒಂದು ಗೇಣು ಜಾಗದಲ್ಲಿ ಟೇಪ್ ಹಚ್ಚಿಸಿ ಹಳದಿ ಉಳಿಸಿದೆ. ಮೇಲೆ ಕ್ಲಿಯರ್ ಕೋಟ್ ಇದೆ.

ಈಗ ಯಾರಾದ್ರೂ ಕೇಳಿದರೆ ಹೇಳ್ತೀನಿ: ಇದು ಮುಂಬೈ ಟ್ಯಾಕ್ಸಿ. ಅಜ್ಜ ಈಗಿಲ್ಲ, ಹೇಳಿದರೆ ಯಾರೂ ಇಳಿದು ಹೋಗಲ್ಲ. ಮುಂದಿನ ವಿಡಿಯೊದಲ್ಲಿ ಸಿಗೋಣ.