ಮೊದಲು ಕ್ಷೇಮ, ಬಳಿಕ ಕೆಲಸ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವಿದೆ. ಇದನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಶಾಸನದ ಧರ್ಮಬೋಧೆಯನ್ನು ಹಲವರು ಬಲ್ಲರು. ಅದರ ಮೊದಲ ಮಾತನ್ನು ಗಮನಿಸಿದವರು ಕಡಮೆ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಕೋರುತ್ತಾರೆ. ಅಪ್ಪಣೆ ಬರುವುದು ಆ ಬಳಿಕ.

ಅದು ಬರಿಯ ಓಲೆಯ ಶಿಷ್ಟಾಚಾರವೆನ್ನಬಹುದು. ಆದರೆ ಮಳೆ ಕೈಕೊಡುವುದೇ ರೂಢಿಯಾದ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಆ ಶಿಷ್ಟಾಚಾರಕ್ಕೆ ಬೆಲೆಯುಂಟು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಕಳೆದು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಳಿದವರ ಲೆಕ್ಕ ಹೀಗೆ ಉಳಿಯಿತು. ಗಂಜಿ ಹಾಕಿದವರು, ಹೆಣ ಹೊತ್ತವರು ಆಮೇಲೆ ಹೇಗೆ ನಿದ್ರಿಸಿದರೆಂದು ಕೇಳಿದವರಾರು?

ಹಸಿದವರ ಸಾಲು ಮುಗಿಯುವ ಮುನ್ನ ಪಾತ್ರೆ ಬರಿದಾದರೆ ಬಡಿಸುವವನ ಮನಸ್ಸೂ ಬರಿದಾಗುತ್ತದೆ. 2020ರ ಕೋವಿಡ್ ಕಾಲದಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು ನಮ್ಮ ನಾಡಿನಲ್ಲೇ ಬೈಗುಳವನ್ನೂ ಕೆಲವೆಡೆ ಏಟನ್ನೂ ಸಹಿಸಿದರು. ಆ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನೊಂದ ಮನಸ್ಸುಗಳಿಗಾಗಿ ಸಹಾಯವಾಣಿ ತೆರೆಯಿತು. ಒಳ್ಳೆಯದೇ; ಆದರೆ ದೂರವಾಣಿಯೊಂದೇ ಸಾಲದು. ಸರದಿಯ ವಿಶ್ರಾಂತಿ, ಮನಬಿಚ್ಚಿ ಮಾತಾಡಲು ಜೊತೆಗಾರ, ಲೆಕ್ಕ ಕೇಳುವ ಮುನ್ನ ಕ್ಷೇಮ ಕೇಳುವ ಮೇಲಧಿಕಾರಿ—ಇವು ಉಪಕಾರಗಳಲ್ಲ, ಪರಿಹಾರ ಕಾರ್ಯದ ಅಂಗಗಳೇ. ಮುಂದಿನ ಬರಕ್ಕೆಂದು ಧಾನ್ಯವನ್ನೂ ಮೇವನ್ನೂ ಕೂಡಿಡುವಾಗ ಇವನ್ನೂ ಎಣಿಕೆಗೆ ಸೇರಿಸಬೇಕು.